ಸಂಸೆಗೆ ಹೋದ ಅಂಗಿಯ ಗಂಟು

ಫೆಬ್ರವರಿಯ ಕೊನೆಯ ಶುಕ್ರವಾರ ಬೆಳಿಗ್ಗೆ ನಾನು ಚಿಕ್ಕಮಗಳೂರಿನಿಂದ ಸಂಸೆಗೆ ಹೊರಟೆ. ಜೊತೆಗೆ ಒಂದು ಅಂಗಿಯ ಗಂಟೂ ಹೊರಟಿತು. ನಮ್ಮಿಬ್ಬರಲ್ಲಿ ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದೇವೆ ಎಂಬುದು ಬಸ್ ಸ್ಟ್ಯಾಂಡಿನಲ್ಲೇ ಇತ್ಯರ್ಥವಾಯಿತು. ಗಂಟಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನನಗೆ ಅದರ ಪಕ್ಕದಲ್ಲಿ ಅರ್ಧ ಸೀಟು.

ನಾನು ಕಾಫಿಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಕೂತು ಕೂತೇ ನಿವೃತ್ತನಾದವನು. ಸಂಸೆಯ ಸುರೇಂದ್ರ ಗೌಡ ಕಾಫಿ ಬೆಳೆಯುತ್ತಾ ಇನ್ನೂ ನಿವೃತ್ತನಾಗದವನು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಅವನ ಜಮೀನನ್ನು ತೋಟ ಎಂದರೆ ಅವನಿಗೆ ಬೇಸರ, ಎಸ್ಟೇಟ್ ಎಂದರೆ ಬ್ಯಾಂಕಿನವರಿಗೆ ಸಂಶಯ. ಹಿಂದಿನ ವಾರ ಅವನ ಫೋನು ಬಂದಿತ್ತು. "ರೊಬಸ್ಟಾ ಕೊಯ್ಲು ಮುಗೀತಾ ಬಂತು ಮಾರಾಯ. ಭಾನುವಾರ ಆಳುಗಳಿಗೆ ಬಟ್ಟೆ ಕೊಡೂದು. ಹೇಗೂ ಬರ್ತೀಯಲ, ಪೇಟೆಯಿಂದ ಎರಡು ಡಜನ್ ಶರ್ಟು ತಗೊಂಡು ಬಾ. ಕಳಸದಲ್ಲಿ ರೇಟು ಜಾಸ್ತಿ."

ಶರ್ಟು ಹೆಂಗಸರಿಗೆ. ಬಯಲುಸೀಮೆಯ ಓದುಗರು ಹುಬ್ಬೇರಿಸಬಾರದು. ಕಾಫಿ ಕುಯ್ಯುವ ಹೆಂಗಸರು ಸೀರೆಯ ಮೇಲೋ ನೈಟಿಯ ಮೇಲೋ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಗಿಡದೊಳಗೆ ಕೈ ಹಾಕಿದರೆ ಕಡ್ಡಿ ಗೀರುತ್ತದೆ. ಕಡ್ಡಿ ಬಿಟ್ಟರೆ ಚಗಳಿ ಇರುವೆ ಕಚ್ಚುತ್ತದೆ. ಮೊದಲೆಲ್ಲ ಧಣಿಗಳ ಹಳೇ ಅಂಗಿಗಳೇ ಈ ಸೇವೆಗೆ ನಿಯುಕ್ತವಾಗುತ್ತಿದ್ದವು. ಈಗ ಹೊಸ ಅಂಗಿ ಹಳೇ ಅಂಗಿಗಿಂತ ಅಗ್ಗವಾಗಿರುವುದರಿಂದ ಧಣಿಗಳ ಔದಾರ್ಯವೂ ಹೊಸದಾಗಿದೆ.

ಗುರುವಾರ ಸಂಜೆ ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿ ಎನ್ನುವುದಕ್ಕಿಂತ ರಾಶಿ ಎನ್ನಬೇಕು. ನೆಲದ ಮೇಲೆ ಅಂಗಿಯ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಅಂಗಡಿಯವನು. ಒಂದಕ್ಕೆ ನೂರೈವತ್ತು ಅಂದ. ನಾನು ಕನ್ನಡಕ ಸರಿಮಾಡಿಕೊಂಡು, ಒಂದು ಅಂಗಿಯ ಕಾಲರನ್ನು ಎರಡೂ ಕಡೆಯಿಂದ ಎಳೆದು, ನ್ಯಾಯಾಧೀಶರ ಧಾಟಿಯಲ್ಲಿ ತಲೆಯಾಡಿಸಿ, ನೂರಿಪ್ಪತ್ತು ಎಂದೆ. ಯುದ್ಧ ಬಹಳ ಹೊತ್ತು ನಡೆಯಿತು. ನೂರ ಮೂವತ್ತಕ್ಕೆ ಅವನು ಶಸ್ತ್ರ ಇಳಿಸಿದ. ಗೆದ್ದವನಿಗೆ ಕರುಣೆ ಬರುವುದು ಸಹಜವಲ್ಲವೆ? ಕೇಳಿದೆ.

"ಅಲ್ಲಪ್ಪಾ, ಬಟ್ಟೆ, ದಾರ, ಗುಂಡಿ, ಹೊಲಿಗೆ, ಲಾರಿ ಬಾಡಿಗೆ, ನಿನ್ನ ಲಾಭ, ಎಲ್ಲಾ ಸೇರಿ ಈ ರೇಟಿಗೆ ಹೇಗಪ್ಪಾ ಪೂರೈಸುತ್ತೆ? ಹೊಲಿದೋರಿಗೆ ಏನು ಸಿಗುತ್ತೆ?"

ಅವನು ಗುಡ್ಡದ ಮೇಲಿಂದ ನನ್ನನ್ನೇ ನೋಡಿದ. "ಸಾರ್, ಈಗ ತಾನೆ ಇನ್ನೂ ಹತ್ತು ರೂಪಾಯಿ ಇಳಿಸು ಅಂದ್ರಿ. ಈಗ ಇದು ಕೇಳ್ತೀರಿ. ಎರಡರಲ್ಲಿ ಯಾವುದಾದ್ರೂ ಒಂದು ಕೇಳಿ."

ನಾನು ಹತ್ತು ರೂಪಾಯಿಯನ್ನೇ ಕೇಳಿದೆ. ಕೊಟ್ಟ.

ಮೂಡಿಗೆರೆ ತನಕ ಸರ್ಕಾರಿ ಬಸ್ಸು, ಸುಮಾರು ಮೂವತ್ತು ಕಿಲೋಮೀಟರು. ನನಗೆ ಪೂರ್ತಿ ಟಿಕೆಟ್, ಗಂಟಿಗೆ ಲಗೇಜು, ನನ್ನ ಮುಂದಿನ ಸೀಟಿನ ಮೇಡಂಗೆ ಸರ್ಕಾರದ ಕೃಪೆಯಿಂದ ಉಚಿತ. ಆಕೆ ಆಲ್ದೂರಿನ ಕಡೆ ಶಾಲೆಯೊಂದರಲ್ಲಿ ಟೀಚರು. ದಾರಿಯುದ್ದಕ್ಕೂ ಫೋನಿನಲ್ಲಿ ಕುರ್ತಾಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದರು. ಹೊರಗೆ ಮೋಡ ಕವಿದಿತ್ತು. ಫೆಬ್ರವರಿಯಲ್ಲಿ ಇಂಥ ಮೋಡವನ್ನು ಕಂಡರೆ ಕಾಫಿ ಬೆಳೆಗಾರನಿಗೆ ಎರಡು ದುಃಖ ಒಟ್ಟಿಗೆ ಆಗುತ್ತವೆ. ಮಳೆ ಬಂದರೆ ಕಣದಲ್ಲಿ ಒಣಗುವ ಹಣ್ಣು ಕೆಡುತ್ತದೆ, ಬಾರದಿದ್ದರೆ ಗಿಡದ ಮೊಗ್ಗು ಅರಳುವುದಿಲ್ಲ. ಹಾಗಾಗಿ ಮೋಡ ಏನೇ ಮಾಡಿದರೂ ಅವನು ನೊಂದುಕೊಳ್ಳಬಲ್ಲ.

ಗಂಟನ್ನು ನೋಡಿ ಮೇಡಂ ಮಾತಿಗೆ ಇಳಿದರು. ಅಂಗಿಯ ರೇಟು ಹೇಳಿದೆ. "ಅಬ್ಬ, ಎಷ್ಟು ಕಮ್ಮಿ!" ಎಂದವರು ಮರುಕ್ಷಣ ಮುಖ ಬಾಡಿಸಿದರು. "ಆದ್ರೆ ಪಾಪ ಸಾರ್, ಹೊಲಿಯೋ ಹುಡುಗೀರನ್ನ ದನದ ಥರ ದುಡಿಸ್ತಾರಂತೆ. ಒಂದು ವೀಡಿಯೋ ನೋಡಿ ಎರಡು ದಿನ ಊಟ ಸೇರಲಿಲ್ಲ ನಂಗೆ. ಆವತ್ತಿಂದ ಕಮ್ಮಿ ಮಾಡಿಬಿಟ್ಟಿದೀನಿ."

"ಕೊಳ್ಳೋದನ್ನೇ?"

"ಮುಂಚೆ ಮೂರು ತರಿಸಿ ಎರಡು ವಾಪಸ್ ಕಳಿಸ್ತಿದ್ದೆ. ಈಗ ಎರಡು ತರಿಸಿ ಒಂದು ವಾಪಸ್ ಕಳಿಸ್ತೀನಿ."

ತ್ಯಾಗದ ಪ್ರಮಾಣವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ಸೋತೆ. ಆಲ್ದೂರಿನಲ್ಲಿ ಅವರು ಇಳಿದರು.

ಮೂಡಿಗೆರೆಯಲ್ಲಿ ಇಳಿದು ಒಂದು ಬನ್ನು, ಒಂದು ಚಹಾ ಮುಗಿಸಿ ಕಳಸದ ಬಸ್ಸಿಗೆ ಗಂಟನ್ನು ಹತ್ತಿಸಿದೆ. ಅದು ಖಾಸಗಿ ಬಸ್ಸು. ಅಲ್ಲಿ ಸರ್ಕಾರದ ಕೃಪೆ ನಡೆಯುವುದಿಲ್ಲ, ಕಂಡಕ್ಟರಿನ ಕೃಪೆ ಮಾತ್ರ. ಆತ ಗಂಟನ್ನು ನನ್ನ ಸೀಟಿನಡಿ ಒದ್ದು ತೂರಿಸಿ, ಅದರ ಮೇಲೆ ಕಾಲಿಡಲು ಒಬ್ಬ ಹುಡುಗಿಯನ್ನು ನನ್ನ ಪಕ್ಕ ಕೂರಿಸಿದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಚೂಡಿದಾರ, ಹೆಗಲಿಗೆ ಬ್ಯಾಗು, ಕಣ್ಣ ಕೆಳಗೆ ಕಪ್ಪು. ಹಾಸನದ ಕಡೆಯಿಂದ ಬಂದಿದ್ದಳು. ಹೆಸರು ರೇವತಿ.

"ಏನು ಕೆಲಸ ಮಾಡ್ತೀಯಮ್ಮಾ ಅಲ್ಲಿ?"

"ಗಾರ್ಮೆಂಟ್ಸ್ ಸಾರ್."

"ಏನು ಹೊಲೀತೀಯ?"

"ಕಾಲರ್."

"ಅಂದ್ರೆ ಶರ್ಟು."

"ಶರ್ಟು ಗೊತ್ತಿಲ್ಲ ಸಾರ್. ಕಾಲರ್."

ಅವಳು ತಮಾಷೆ ಮಾಡುತ್ತಿರಲಿಲ್ಲ. ಕಾಲರು ಅವಳ ಕೈಯಿಂದ ಮುಂದಿನವಳಿಗೆ ಹೋಗುತ್ತದೆ. ಅಲ್ಲಿಂದಾಚೆ ಅದಕ್ಕೆ ಮೈ ಬಂತೋ, ತೋಳು ಬಂತೋ, ಯಾವ ದೇಶದ ಕುತ್ತಿಗೆಗೆ ಹೋಯಿತೋ ಅವಳು ಕಂಡಿಲ್ಲ. ಎಲ್ಲಿಗೆ ಹೋಗ್ತೀಯ ಎಂದೆ. ಸಂಸೆ ಅಂದಳು. ಯಾರ ಮನೆ ಎಂದೆ. ಲಲಿತಾ ಅಂತ, ಸುರೇಂದ್ರ ಗೌಡರ ತೋಟದಲ್ಲಿ ಕೆಲಸಕ್ಕೆ ಹೋಗ್ತಾರೆ, ಅವರ ಮಗಳು ಅಂದಳು. ಮಲೆನಾಡು ದೊಡ್ಡದು, ಆದರೆ ಕಳಸದ ಬಸ್ಸು ಚಿಕ್ಕದು. ನಾನೂ ಅಲ್ಲಿಗೇ ಎಂದ ಮೇಲೆ ಅವಳು ಗಂಟಿನ ಮೇಲಿಂದ ಕಾಲು ತೆಗೆದಳು. ಏನು ಹೇಳಿದರೂ ಮತ್ತೆ ಇಡಲಿಲ್ಲ.

ಬಣಕಲ್ ದಾಟಿ ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಿತು. ಇಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ಅಪರಾಧ ಎಂದು ನಮ್ಮ ಕಡೆ ನಂಬಿಕೆ. ನಾನು ಕಾನೂನು ಪಾಲಿಸುವವನು. ದೇವರಮನೆ ಬೆಟ್ಟಕ್ಕೆ ಹೊರಟಿದ್ದ ಬೆಂಗಳೂರಿನ ತಂಡವೊಂದು ಹೋಟೆಲನ್ನು ತುಂಬಿಕೊಂಡಿತ್ತು. ಹತ್ತು ಹನ್ನೆರಡು ಜನ, ಎಲ್ಲರಿಗೂ ಒಂದೇ ಬಗೆಯ ಹಸಿರು ಟೀ ಶರ್ಟು, ಎದೆಯ ಮೇಲೆ ಭೂಮಿಯನ್ನು ಉಳಿಸಿ ಎಂಬ ಒಕ್ಕಣೆ. ಒಂದೇ ದಿನದ ಪ್ರವಾಸಕ್ಕೆ ಮಾಡಿಸಿದ್ದಂತೆ. ಭೂಮಿ ನಾಳೆಯಿಂದ ತನ್ನನ್ನು ತಾನೇ ನೋಡಿಕೊಳ್ಳಬೇಕು.

ರೇವತಿ ಬಸ್ಸಿನಿಂದ ಇಳಿದಿರಲಿಲ್ಲ. ಕಿಟಕಿಯ ಬಳಿ ಹೋಗಿ, "ಚಹಾ ಆದ್ರೂ ಕುಡಿಯಮ್ಮಾ" ಎಂದೆ.

"ಬೇಡ ಸಾರ್. ಅಭ್ಯಾಸ ತಪ್ಪಿಹೋಗಿದೆ."

"ಚಹಾ ಅಭ್ಯಾಸವೇ?"

"ಕುಡಿಯೋ ಅಭ್ಯಾಸ." ಅಷ್ಟು ಹೇಳಿ ಆಚೆ ಮುಖ ಮಾಡಿದಳು.

ಬಾಳೂರು, ಹಿರೇಬೈಲು ದಾಟುವಾಗ ದಾರಿ ತಿರುಗುತ್ತಾ ತಿರುಗುತ್ತಾ ಹೊಟ್ಟೆಯಲ್ಲಿದ್ದ ನೀರುದೋಸೆಗೂ ಊರು ತೋರಿಸಿತು. ಕಳಸ ಮುಟ್ಟಿದಾಗ ಮಧ್ಯಾಹ್ನ. ಪೇಟೆಯಲ್ಲಿ ಯಾರ ಬಾಯಲ್ಲಿ ನೋಡಿದರೂ ಕಾಫಿಯ ರೇಟು, ಮೆಣಸಿನ ರೇಟು, ಮೋಡ. ಸುರೇಂದ್ರ ಜೀಪಿಗೆ ಒರಗಿ ನಿಂತು ಇನ್ನೊಬ್ಬ ಬೆಳೆಗಾರನೊಂದಿಗೆ ಆಕಾಶವನ್ನು ಬೈಯುತ್ತಿದ್ದ. ನನ್ನನ್ನು ಕಂಡು, "ಬಂದ್ಯನ ಮಾರಾಯ! ಎಷ್ಟಕ್ಕೆ ತಂದೆ?" ಎಂದ. ನನ್ನ ಆರೋಗ್ಯ ಆಮೇಲೆ ವಿಚಾರಿಸಿದ. ರೇಟು ಕೇಳಿ ಬೆನ್ನು ತಟ್ಟಿದ. ನಾನು ಸಂಬಳ ತೆಗೆದುಕೊಂಡ ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ತಟ್ಟಿರಲಿಲ್ಲ.

"ಓ, ರೇವತಿ! ರಜಾ ಸಿಕ್ತಾ? ಹತ್ತು, ಜೀಪಿನ ಹಿಂದೆ ಹತ್ತು" ಎಂದ ಅವಳಿಗೆ. ಅವಳೂ ಗಂಟೂ ಹಿಂದೆ ಕೂತರು.

ಸುರೇಂದ್ರನ ಹೆಂಡತಿ ಸರೋಜ ಊಟಕ್ಕೆ ಎಳೆ ಹಲಸಿನ ಪಲ್ಯ ಮಾಡಿದ್ದರು. ಸಂಜೆ ಕಾಫಿಯ ಹೊತ್ತಿಗೆ ಕಣದ ಅಂಚಿನ ಕಲ್ಲುಬೆಂಚಿನಲ್ಲಿ ಕೂತೆವು. ಮುಂದೆ ರೊಬಸ್ಟಾ ಹಣ್ಣು ಕಪ್ಪಾಗುತ್ತಾ ಹರಡಿಕೊಂಡಿತ್ತು, ಪಕ್ಕದಲ್ಲಿ ಟಾರ್ಪಾಲು ಸಿದ್ಧವಾಗಿತ್ತು. ರೇವತಿ ಬಸ್ಸಿನಲ್ಲಿ ಅರ್ಧಕ್ಕೆ ಬಿಟ್ಟ ಮಾತಿನ ಉಳಿದರ್ಧ ಸರೋಜಮ್ಮನಿಂದ ತಿಳಿಯಿತು. ಲಲಿತಾ ಅವರ ಹತ್ತಿರ ಹೇಳಿಕೊಂಡಿದ್ದಳಂತೆ.

"ಅಲ್ಲಿ ಬಚ್ಚಲಿಗೆ ಹೋಗೂಕೂ ಪಾಸಂತೆ ಅಣ್ಣಾ. ಒಂದು ಲೈನಿಗೆ ಒಂದೇ ಪಾಸು. ಒಬ್ಳು ಹೋಗಿ ಬಂದು ಕೊಟ್ರೆ ಇನ್ನೊಬ್ಳು ಹೋಗ್ಬೇಕು. ಸೂಪರ್‌ವೈಸರ್ ನಿಂತು ಕೂಗ್ತಾನಂತೆ. ಅದಕ್ಕೇ ಹುಡುಗೀರು ನೀರೇ ಕುಡಿಯೂದಿಲ್ಲ. ಇವಳಿಗೆ ಎರಡು ಸಲ ಜ್ವರ ಬಂದು ಮಲಗಿದ್ಳು. ಮೂತ್ರದಲ್ಲಿ ರಕ್ತ. ಇನ್ನೊಂದು ಸಲ ಹೀಗಾದ್ರೆ ಕಿಡ್ನಿಗೆ ಪೆಟ್ಟು ಅಂತ ಡಾಕ್ಟ್ರು ಹೇಳಿದಾರಂತೆ."

ಸುರೇಂದ್ರ ಲೋಟ ಕೆಳಗಿಟ್ಟ. ಅವನ ಮುಖ ನಿಜವಾಗಿಯೂ ಕೆಂಪಾಗಿತ್ತು. "ಅನ್ಯಾಯ ಮಾರಾಯ ಇದು! ಮನುಷ್ಯರನ್ನ ಹೀಗೆ ನಡೆಸ್ಕೊಳ್ಳೂದಾ? ಇಂಥೋರು ಹೊಲಿಸಿದ ಬಟ್ಟೆ ಮುಟ್ಟಬಾರ್ದು. ಎಲ್ಲರೂ ಒಂದು ವರ್ಷ ಕೊಳ್ಳೂದು ನಿಲ್ಸಿದ್ರೆ ಸಾಕು, ಬುದ್ಧಿ ಬರ್ತದೆ. ಆದ್ರೆ ನಮ್ಮ ಜನಕ್ಕೆ ಅಗ್ಗ ಸಿಕ್ರೆ ಆಯ್ತು, ಎಲ್ಲಿಂದ ಬಂತು ಅಂತ ಕೇಳೂದುಂಟಾ?"

"ಇಲ್ಲ" ಎಂದೆ. ಗಂಟು ಜಗಲಿಯ ಮೇಲಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಸರೋಜಮ್ಮ ಸುಮ್ಮನಿರಲಿಲ್ಲ. "ಹಾಗಾದ್ರೆ ನಮ್ಮ ನರ್ಸರಿಗೆ ಹಾಕ್ಕೊಳ್ಳಿ ಅವಳನ್ನ. ಗಿರಿಜ ಮಗನ ಮನೆಗೆ ಹೋದ ಮೇಲೆ ಜಾಗ ಖಾಲಿ ಅಲ್ದಾ? ಲಲಿತಾ ನಾಳೆ ಕೇಳ್ತಾಳೆ ನಿಮ್ಮನ್ನ."

ನರ್ಸರಿ ಎಂದರೆ ಕಾಫಿ ಸಸಿ, ಮೆಣಸಿನ ಬಳ್ಳಿಗಳನ್ನು ಚೀಲದಲ್ಲಿ ಬೆಳೆಸುವ ಜಾಗ. ಕೊಯ್ಲಿನ ಕೆಲಸ ಎರಡು ಮೂರು ತಿಂಗಳಿಗೆ ಮುಗಿಯುತ್ತದೆ. ನರ್ಸರಿಯದು ವರ್ಷಪೂರ್ತಿ. ಮಣ್ಣು ತುಂಬು, ನೀರು ಹಾಕು, ನೆರಳು ಕಟ್ಟು. ಬಾಯಾರಿದರೆ ಕುಡಿ. ಉಳಿದದ್ದಕ್ಕೆ ಅವಳ ಮನೆ ಕೂಗಳತೆಯಲ್ಲಿದೆ.

"ನೋಡಾಣ" ಎಂದ ಸುರೇಂದ್ರ.

ಶನಿವಾರ ಕೊನೆಯ ಕೊಯ್ಲು. ಬೆಳಿಗ್ಗೆ ನಾನೂ ತೋಟಕ್ಕೆ ಹೋದೆ. ನೆರವಾಗುವುದಕ್ಕಲ್ಲ, ಅಡ್ಡ ನಿಲ್ಲುವುದಕ್ಕೆ. ರೇವತಿ ಅಪ್ಪನ ಹಳೇ ಖಾಕಿ ಅಂಗಿ ತೊಟ್ಟು ತಾಯಿಯ ಪಕ್ಕದ ಸಾಲು ಹಿಡಿದಿದ್ದಳು. ಹಿಂದಿನ ದಿನ ಬಸ್ಸಿನಲ್ಲಿ ಕೂತವಳು ಇವಳೇನಾ ಎನ್ನುವಂತೆ ಬಾಯಿ ಬಂದಿತ್ತು. ಮೈಸ್ತ್ರಿ ಸೋಮಣ್ಣ ಸಾಲುಗಳ ನಡುವೆ ತಿರುಗುತ್ತಾ, "ಏ ಗಾರ್ಮೆಂಟ್ಸು, ಹಣ್ಣು ಬಿಟ್ಟು ಎಲೆ ಕೀಳ್ತಿದೀಯ, ಅದಕ್ಕೆ ಕಾಲರ್ ಇಡ್ತೀಯನಾ?" ಎಂದು ಕೆಣಕಿದ.

"ಇಡ್ತೀನಿ ಸೋಮಣ್ಣಾ, ನಿಮ್ಮ ಕುತ್ತಿಗೆ ಅಳತೆ ಕೊಡಿ" ಎಂದಳು. ಹೆಂಗಸರೆಲ್ಲ ನಕ್ಕರು. ಹತ್ತು ಗಂಟೆಗೆ ಕಾಫಿಯ ಕ್ಯಾನು ಬಂತು. ಅವಳು ಎರಡು ಲೋಟ ಕುಡಿದಳು. ಎರಡನೆಯದನ್ನು ಲಲಿತಾ ಮಗಳ ಕೈಗೆ ಕೊಟ್ಟು, ಮುಗಿಯುವ ತನಕ ಎದುರಿಗೇ ನಿಂತಿದ್ದಳು. ಮಗುವಿಗೆ ಔಷಧಿ ಕುಡಿಸುವವರು ಹಾಗೆ ನಿಲ್ಲುತ್ತಾರೆ.

ಸಂಜೆ ಹಣ್ಣಿನ ಚೀಲಗಳನ್ನು ತೂಗುವ ಹೊತ್ತಿಗೆ ತಾಯಿ ಮಗಳು ಕೊನೆಯವರಾಗಿ ಬಂದರು. ಲಲಿತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಚ್ಚಿ, ಮತ್ತೆ ಸಿಕ್ಕಿಸಿದಳು. "ಗೌಡ್ರೇ, ಇವಳನ್ನ ಇನ್ನು ಅಲ್ಲಿಗೆ ಕಳ್ಸೂದು ನಂಗೆ ಮನಸ್ಸಿಲ್ಲ. ಸೋಮವಾರ ಬೆಳಿಗ್ಗೆ ಅಲ್ಲಿ ಇರ್ಬೇಕಂತೆ, ಇಲ್ದಿದ್ರೆ ಹೆಸರು ಹೊಡೆದ್ಹಾಕ್ತಾರಂತೆ. ನಿಮ್ಮ ನರ್ಸರೀಲಿ ಒಂದು ದಾರಿ ಮಾಡ್ಕೊಟ್ರೆ ಹೋಗೂದೇ ಬೇಡ."

"ಅಲ್ಲಿ ಏನೇನು ಕೊಡ್ತಾರೆ ನಿಂಗೆ?" ಸುರೇಂದ್ರ ಹುಡುಗಿಯನ್ನು ಕೇಳಿದ. ಕಕ್ಕುಲತೆಯಿಂದಲೇ ಕೇಳಿದ.

ರೇವತಿ ಸಂಬಳ ಹೇಳಿದಳು. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರೇನೋ, ಅಲ್ಲಿಗೆ ನಿಲ್ಲಿಸಲಿಲ್ಲ. "ಪಿಎಫ್ ಹಿಡೀತಾರೆ ಸಾರ್. ಇಎಸ್ಐ ಇದೆ. ಓವರ್‌ಟೈಮ್ ಸರಿಯಾಗಿ ಕೊಡ್ತಾ ಇರ್ಲಿಲ್ಲ, ನಾವು ಹುಡುಗೀರೆಲ್ಲಾ ಸೇರಿ ಕೇಳಿದ್ವಿ, ಆಮೇಲೆ ಕೊಟ್ರು. ಪಾಸ್ ವಿಷಯಾನೂ ಕೇಳಿದ್ವಿ, ಅದೊಂದು ಆಗ್ಲಿಲ್ಲ."

"ಶಭಾಷ್" ಎಂದ ಸುರೇಂದ್ರ. ತಕ್ಕಡಿಯ ಮುಳ್ಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ನೋಡಾಣ. ನಾಳೆ ಹೇಳ್ತೀನಿ."

ಲಲಿತಾ ನನ್ನ ಕಡೆಗೂ ಕೈ ಮುಗಿದಳು. ಯಾಕೆ ಎಂದು ತಿಳಿಯಲಿಲ್ಲ. ನಾನೂ ಮುಗಿದೆ.

ಅಂದು ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಗಂಟು ಬಿಚ್ಚಿದೆವು. ಸರೋಜಮ್ಮ ಒಂದೊಂದೇ ಅಂಗಿ ಮಡಿಸಿ, ಮೇಲೊಂದು ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಇಡಲು ತಟ್ಟೆ ಹೊಂದಿಸುತ್ತಿದ್ದರು. ಅಂಗಿ ಎರಡು ಮಿಗುವಂತಿತ್ತು. ಹಾಗಾದರೆ ಒಂದು ಮೈಸ್ತ್ರಿಗೆ, ಒಂದು ಲಲಿತಾಗೆ ಕೊಡಬಹುದಲ್ಲ ಎಂದು ಪೇಟೆಯ ಬುದ್ಧಿ ಓಡಿಸಿದೆ.

"ಅಯ್ಯೋ, ಬ್ಯಾಡ ಅಣ್ಣಾ!" ಸರೋಜಮ್ಮ ಕೈ ಅಡ್ಡ ಹಿಡಿದರು. "ಕೊಯ್ಲು ಬಟ್ಟೆ ಅಂದ್ರೆ ಹೋಗಿ ಬನ್ನಿ ಅಂತ. ಇಸ್ಕೊಂಡೋರು ನಾಳೆಯಿಂದ ಕೆಲ್ಸಕ್ಕೆ ಬರೂದಿಲ್ಲ, ಮುಂದಿನ ಕೊಯ್ಲಿಗೇ ಬರೂದು. ವರ್ಷಪೂರ್ತಿ ಇರೋರಿಗೆ ದೀಪಾವಳಿಗೆ ಕೊಡೂದು. ನಾಳೆ ಅವ್ರ ಕೈಗೆ ಬಟ್ಟೆ ಕೊಟ್ರೆ ಕೆಲ್ಸ ಬಿಡಿಸ್ದ ಹಾಗೆ. ನಮ್ಮತ್ತೆ ಕಾಲದಲ್ಲಿ ಒಬ್ಬ ಮೈಸ್ತ್ರಿಯನ್ನ ಹಾಗೇ ಕಳ್ಸಿದ್ರಂತೆ. ಒಂದು ಬಿರುಸು ಮಾತಿಲ್ಲ. ಪಂಚೆ ಕೊಟ್ರು, ಅವ ಹೋದ."

ಮಲೆನಾಡಿನ ಸೌಜನ್ಯದ ಬಗ್ಗೆ ಬಹಳ ಜನ ಬಹಳ ಬರೆದಿದ್ದಾರೆ. ಅದಕ್ಕೆ ಇಷ್ಟು ಹರಿತವಿದೆಯೆಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆಯೂ ಮೋಡ. ಕಣದ ಹಣ್ಣನ್ನು ಒಂದು ಮೂಲೆಗೆ ಗುಡಿಸಿ, ಟಾರ್ಪಾಲು ಹೊದಿಸಿ, ಉಳಿದ ಜಾಗದಲ್ಲಿ ಊಟಕ್ಕೆ ಎಲೆ ಹಾಕುವ ಏರ್ಪಾಡು. ಕಡುಬು, ಕೋಳಿ ಸಾರು, ಪಾಯಸ. ಕೊಯ್ಲಿನವರು ತಲೆ ಬಾಚಿ, ಹೂ ಮುಡಿದು ಸಾಲಾಗಿ ನಿಂತರು. ವರ್ಷಪೂರ್ತಿ ಇರುವವರು, ಅಂದರೆ ಮೈಸ್ತ್ರಿ, ಜೀಪಿನ ಡ್ರೈವರು, ಲಲಿತಾ, ಇನ್ನಿಬ್ಬರು, ಮನೆಯ ಮೆಟ್ಟಿಲ ಬಳಿ ಬೇರೆಯಾಗಿ ನಿಂತಿದ್ದರು. ಲಲಿತಾ ಮಗಳನ್ನು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಳು. ನಿಲ್ಲಿಸಿಕೊಂಡಿದ್ದಳು ಎನ್ನುವುದಕ್ಕಿಂತ ಮೊಣಕೈ ಹಿಡಿದುಕೊಂಡಿದ್ದಳು ಎನ್ನಬೇಕು. ರೇವತಿ ತಲೆಗೆ ಸ್ನಾನ ಮಾಡಿ ಬಂದಿದ್ದಳು. ಮೆಟ್ಟಿಲ ಪಕ್ಕದ ನರ್ಸರಿಯ ಸಸಿಗಳ ಕಡೆ ಆಗಾಗ ನೋಡುತ್ತಿದ್ದಳು, ಹೊಸ ಬಾಡಿಗೆ ಮನೆಯನ್ನು ನೋಡುವ ಹಾಗೆ.

ಸುರೇಂದ್ರ ಬಿಳಿ ಪಂಚೆ ಉಟ್ಟಿದ್ದ. ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಎರಡೂ ಕೈಯಲ್ಲಿ ಅಂಗಿ ಕೊಟ್ಟು, ಒಂದೊಂದು ಮಾತಾಡಿದ. ಅದರಲ್ಲಿ ಅವನಿಗೆ ಸಮನಿಲ್ಲ. ಒಬ್ಬಳ ಮೊಮ್ಮಗುವಿನ ಹೆಸರು, ಇನ್ನೊಬ್ಬಳ ಹಲ್ಲುನೋವು, ಯಾವುದನ್ನೂ ಮರೆಯಲಿಲ್ಲ. ಸಾಲು ಮುಗಿಯಿತು. ತಟ್ಟೆಯಲ್ಲಿ ಎರಡು ಅಂಗಿ ಉಳಿದವು. ಅವನು ಒಂದನ್ನು ಎತ್ತಿಕೊಂಡ. ಎಲೆ, ಅಡಿಕೆ, ಬಾಳೆಹಣ್ಣು ಇಟ್ಟ. ಮೆಟ್ಟಿಲ ಕಡೆ ತಿರುಗಿದ.

"ಬಾ ಮಗಾ ರೇವತಿ. ನಿಂದೂ ಒಂದು ಉಂಟು. ನಿನ್ನೆ ನೀನೂ ಕುಯ್ದೆಯಲ್ಲ."

ಪಾತ್ರೆ ಹಿಡಿದು ಬರುತ್ತಿದ್ದ ಹೆಂಗಸು ನಿಂತಲ್ಲೇ ನಿಂತಳು. ಮೈಸ್ತ್ರಿ ನೆಲ ನೋಡಿದ. ರೇವತಿ ತಾಯಿಯ ಮುಖ ನೋಡಿದಳು. ಲಲಿತಾ ಮೊಣಕೈ ಬಿಡಲಿಲ್ಲ, ಆಮೇಲೆ ಬಿಟ್ಟಳು. ಹುಡುಗಿ ನಡೆದು ಬಂದು, ಎರಡೂ ಕೈಯೊಡ್ಡಿ ಅಂಗಿ ತೆಗೆದುಕೊಂಡು, ಬಗ್ಗಿ ಕಾಲು ಮುಟ್ಟಿದಳು.

"ಒಳ್ಳೇದಾಗ್ಲಿ. ಆರೋಗ್ಯ ಜೋಪಾನ" ಎಂದ ಸುರೇಂದ್ರ. ಅವನ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳು ಹೇಳುತ್ತಿಲ್ಲ, ನಾನು ಹತ್ತಿರದಲ್ಲೇ ಇದ್ದೆ.

ಸರೋಜಮ್ಮ ಗಂಡನ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಊಟಕ್ಕೆ ಕೂತಾಗ ರೇವತಿಯ ಎಲೆಗೆ ಮೂರು ಸಲ ಪಾಯಸ ಬಡಿಸಿದರು. ಬಡಿಸಲು ಅವರ ಕೈಯಲ್ಲಿದ್ದದ್ದು ಅದೊಂದೇ.

ಕೈ ತೊಳೆಯುವಾಗ ನಾನು ಸುರೇಂದ್ರನನ್ನು ಹಿಡಿದೆ. "ಹೀಗ್ಯಾಕೆ ಮಾಡಿದೆ ಮಾರಾಯ? ಮೊನ್ನೆ ಸಂಜೆ ಎಷ್ಟು ಮಾತಾಡಿದೆ!"

"ಮಾತಾಡಿದ್ದು ನಿಜವೇ. ಈಗಲೂ ಹೊಟ್ಟೆ ಉರೀತದೆ" ಎಂದ. ಟವೆಲಿನಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. "ಆದ್ರೆ ಗಾರ್ಮೆಂಟ್ಸಲ್ಲಿ ಪಳಗಿದೋರನ್ನ ವರ್ಷಪೂರ್ತಿ ಇಟ್ಕೊಳ್ಳೂದು ಕಷ್ಟ. ಕೇಳಿದೆಯಲ, ಪಿಎಫ್ ಅಂತೆ, ಇಎಸ್ಐ ಅಂತೆ, ಎಲ್ಲಾ ಸೇರಿ ಕೇಳಿದ್ರಂತೆ. ಇಲ್ಲಿ ಬಂದು ಉಳಿದೋರಿಗೆ ಹೇಳ್ಕೊಟ್ರೆ? ನಾವು ಸಣ್ಣ ಬೆಳೆಗಾರರು ಮಾರಾಯ."

"ಹಾಗಂತ ಅವಳಿಗೆ ಹೇಳಬಹುದಿತ್ತು."

"ಆ ತಾಯಿ ಮುಖ ನೋಡಿ ಆಗೂದಿಲ್ಲ ಅಂತ ಹೇಗೆ ಹೇಳೂದು?" ಅವನಿಗೆ ನನ್ನ ಪೇಟೆಯ ಒರಟುತನದಿಂದ ನಿಜವಾಗಿಯೂ ನೋವಾಗಿತ್ತು.

ನಾನು ಇನ್ನೊಂದು ಮಾತು ಆಡಬೇಕಿತ್ತು. ಹೊಟ್ಟೆ ತುಂಬಾ ಅವನ ಕಡುಬು ಇತ್ತು, ಕಳಸದ ಬಸ್ಸಿಗೆ ಅವನ ಜೀಪು ಬೇಕಿತ್ತು. ಆಡಲಿಲ್ಲ.

ಮಧ್ಯಾಹ್ನ ಜೀಪಿನಲ್ಲಿ ಡ್ರೈವರು, ನಾನು, ರೇವತಿ. ಗಂಟು ಇಲ್ಲದ ಸೀಟು ವಿಶಾಲವಾಗಿತ್ತು. ಲಲಿತಾ ರಸ್ತೆಯ ತನಕ ಬಂದಳು. ಅಕ್ಕಿರೊಟ್ಟಿಯ ಪೊಟ್ಟಣವನ್ನು ಮಗಳ ಬ್ಯಾಗಿಗೆ ತುರುಕಿ, ನನ್ನ ಕಡೆ ನೋಡಿದಳು. "ಮೂಡಿಗೆರೆ ತನಕ ನೀವೂ ಇರ್ತೀರಲ್ಲ ಸಾರ್. ದಾರೀಲಿ ಏನಾರ ಕುಡೀಲಿಕ್ಕೆ ಹೇಳಿ."

"ಹೇಳ್ತೀನಮ್ಮಾ."

"ಅಮ್ಮಾ, ಹೋಗು, ಮಳೆ ಬರುತ್ತೆ" ಎಂದಳು ರೇವತಿ. ಮಳೆ ಬರಲಿಲ್ಲ. ಬಂದಿದ್ದರೆ ಯಾರಿಗಾದರೂ ಬೈಯಬಹುದಿತ್ತು.

ಕಳಸದಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಹಿರೇಬೈಲಿನ ತಿರುವುಗಳಲ್ಲಿ ನನ್ನ ಆತ್ಮಸಾಕ್ಷಿಗೂ ವಾಂತಿ ಬರುವಂತಾಯಿತು. "ನೋಡಮ್ಮಾ, ಮುಂದಿನ ಕೊಯ್ಲಿನ ಹೊತ್ತಿಗೆ ನಾನೇ ಸುರೇಂದ್ರನಿಗೆ ಒಂದು ಮಾತು ಹೇಳಿ..." ಎಂದು ಶುರುಮಾಡಿದೆ.

"ಹೇಳಿ ಸಾರ್" ಎಂದಳು ಮರ್ಯಾದೆಯಿಂದ. ನಾಳೆಯ ಮಾತಿಗೆ ಮುಂದಿನ ವರ್ಷದ ಉತ್ತರ ಕೊಡುವ ಹಿರಿಯರನ್ನು ಅವಳು ಮೊದಲೂ ಕಂಡಿರಬೇಕು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. "ಸಾರ್, ಆ ಶರ್ಟು ಎಷ್ಟಕ್ಕೆ ಸಿಕ್ತು?"

ಹೇಳಿದೆ. ಅವಳಿಗೆ ಸಿಟ್ಟು ಬರಬಹುದೆಂದು ಕಾದೆ. ಬಂದರೆ ಒಳ್ಳೆಯದಿತ್ತು.

"ಪರವಾಗಿಲ್ಲ ಸಾರ್, ಒಳ್ಳೇ ರೇಟಿಗೆ ಸಿಕ್ಕಿದೆ. ನಾವು ಸಂತೇಲಿ ತಗೊಂಡ್ರೂ ಇನ್ನೂರು ಹೇಳ್ತಾರೆ. ಚೌಕಾಸಿ ಮಾಡಿದ್ರಾ?"

"ಮಾಡಿದೆ."

"ಮಾಡ್ಲೇಬೇಕು. ಇಲ್ದಿದ್ರೆ ಟೋಪಿ ಹಾಕ್ತಾರೆ." ಅಂಗಿಯನ್ನು ಅಮ್ಮನಿಗೆ ಬಿಟ್ಟು ಬಂದಿದ್ದಾಳಂತೆ. ಅಮ್ಮನಿಗೆ ದೀಪಾವಳಿ ತನಕ ಇಲ್ಲವಲ್ಲ.

ಕೊಟ್ಟಿಗೆಹಾರದಲ್ಲಿ, ಕೊಟ್ಟ ಮಾತಿನಂತೆ, ಚಹಾ ಕುಡಿಯಲು ಹೇಳಿದೆ. ಬೇಡ ಅಂದಳು. ಲಲಿತಾ ಹೇಳಿದ್ದಾಳೆ ಎಂದೆ. ಆಗ ಇಳಿದು ಬಂದು ಒಂದು ದೊಡ್ಡ ಲೋಟ ನೀರು, ಮೇಲೆ ಚಹಾ ಕುಡಿದಳು. "ಇವತ್ತು ಇನ್ನೂ ಭಾನುವಾರ ಅಲ್ವಾ" ಎಂದು ನಕ್ಕಳು. ಮೂರು ದಿನದಲ್ಲಿ ನಾನು ಮಾಡಿದ ಪರೋಪಕಾರ ಇಷ್ಟು. ಇದರ ಫಲ ಮೂಡಿಗೆರೆಯಲ್ಲಿ ಕಾಣಿಸಿತು.

ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಭಾನುವಾರ ಸಂಜೆಯ ಬಸ್ಸು. ಒಳಗೆ ತುಂಬಾ ಇವಳ ವಯಸ್ಸಿನ ಹುಡುಗಿಯರು, ಎಲ್ಲರ ಮಡಿಲಲ್ಲೂ ಮನೆಯಿಂದ ಕಟ್ಟಿಕೊಟ್ಟ ಪೊಟ್ಟಣ. ಕಿಟಕಿಯಿಂದ ಒಬ್ಬಳು ಕೂಗಿದಳು, "ಬಾರೇ ರೇವತಿ, ಸೀಟು ಹಿಡ್ದಿದೀನಿ!"

"ಬಂದೆ ಕಣೇ, ಒಂದ್ನಿಮಿಷ" ಎಂದವಳು ಬ್ಯಾಗನ್ನು ಕಿಟಕಿಯಿಂದ ಒಳಗೆ ದೂಡಿ, ನನಗೆ ಬರ್ತೀನಿ ಸಾರ್ ಎಂದು ಹೇಳಿ, ಶೌಚಾಲಯದ ಕಡೆ ಓಡಿದಳು. ಹೆಂಗಸರ ಕಡೆ ಉದ್ದ ಸಾಲು ಇತ್ತು. ಅವಳು ಕೊನೆಯಲ್ಲಿ ನಿಂತಳು. ಸಾಲು ಸ್ವಲ್ಪ ಸರಿಯಿತು. ಅವಳ ಹಿಂದೆ ಇನ್ನೂ ಇಬ್ಬರು ಬಂದರು.

ಕಂಡಕ್ಟರು ಶೀಟಿ ಊದಿದ. ನಾನು ಹೋಗಿ, "ಒಂದು ಹುಡುಗಿ ಇ‌ದಾಳೆ, ಸ್ವಲ್ಪ ತಡಿಯಪ್ಪಾ" ಎಂದೆ. "ಎಲ್ಲಾರ್ಗೂ ಒಬ್ಬೊಬ್ರು ಇರ್ತಾರೆ ಯಜಮಾನ್ರೇ, ಟೈಮಾಯ್ತು" ಎಂದು ಮತ್ತೆ ಊದಿದ. ಬಸ್ಸು ಹಿಂದಕ್ಕೆ ಸರಿಯಿತು.

ರೇವತಿ ಬಸ್ಸನ್ನು ನೋಡಿದಳು. ಮುಂದಿದ್ದ ತಲೆಗಳನ್ನು ಒಂದು ಸಲ ನೋಡಿದಳು. ಆಮೇಲೆ ಸಾಲು ಬಿಟ್ಟು, ದುಪಟ್ಟಾ ಹಿಡಿದುಕೊಂಡು ಓಡಿಬಂದು, ಹೊರಡುತ್ತಿದ್ದ ಬಸ್ಸಿನ ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿಕೊಂಡಿತು.

ಚಿಕ್ಕಮಗಳೂರಿನ ಬಸ್ಸು ಹತ್ತುವ ಮೊದಲು ಒಮ್ಮೆ ಆ ಕಡೆ ತಿರುಗಿ ನೋಡಿದೆ. ಸಾಲಿನಲ್ಲಿ ಅವಳು ನಿಂತಿದ್ದ ಜಾಗಕ್ಕೆ ಹಿಂದಿನವಳು ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಳು.